ಮಾದರಿ ವಿಮಾನದ ದಿನಚರಿ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಗುಡಿಯ ಸಮೀಪದಲ್ಲಿ ಹರಿಯುವ ಕಪಿಲೆಯು ಅಲ್ಲಿಂದ ಈಶಾನ್ಯದ ಕಡೆಗೆ ಸಾಗಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ಎರಡು ಊರುಗಳ ನಡುವೆ ನೆಲವು ಎಷ್ಟು ಇಳಿಯುತ್ತದೆ? ನಂಜನಗೂಡು ಸಮುದ್ರಮಟ್ಟದಿಂದ ಸುಮಾರು 657 ಮೀಟರ್ ಎತ್ತರದಲ್ಲಿಯೂ, ನರಸೀಪುರವು ಸುಮಾರು 638 ಮೀಟರ್ ಎತ್ತರದಲ್ಲಿಯೂ ಇರುವುದಾಗಿ ಪುಸ್ತಕಗಳು ಹೇಳುತ್ತವೆ. ಎಂದರೆ ಇಳಿತವು ಸರಿಸುಮಾರು ಇಪ್ಪತ್ತು ಮೀಟರ್ ಮಾತ್ರ. ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಇಷ್ಟು ಅಲ್ಪವಾದ ಇಳಿಜಾರನ್ನು ಕಣ್ಣು ಕಾಣಲಾರದು. ಆದರೆ ನೀರು ಕಾಣುತ್ತದೆ.

ಈಗ ಒಬ್ಬ ವಿದ್ಯಾರ್ಥಿಯು ಈ ಇಳಿತವನ್ನು ತಾನೇ ಅಳೆದು ನೋಡಬೇಕೆಂದು ಹೊರಟನೆಂದು ಭಾವಿಸೋಣ. ಅವನಲ್ಲಿ ಒಂದು ಮಾದರಿ ವಿಮಾನವಿದೆ. ಅದರ ಹೊಟ್ಟೆಯೊಳಗೆ ಬೆಂಕಿಪೆಟ್ಟಿಗೆಗಿಂತ ದೊಡ್ಡದಲ್ಲದ ಒಂದು ಜಿ.ಪಿ.ಎಸ್. ಲಾಗರ್, ಎಂದರೆ ವಿಮಾನವು ಎಲ್ಲೆಲ್ಲಿಗೆ ಹೋಯಿತೆಂಬುದನ್ನು ಕ್ಷಣಕ್ಷಣಕ್ಕೂ ಬರೆದಿಡುವ ದಾಖಲೆಯ ಪೆಟ್ಟಿಗೆ, ಇದೆ. ಅವನ ಅಂಗೈಯಲ್ಲಿ ಆ ಪೆಟ್ಟಿಗೆಯ ಅಂಕಿಗಳನ್ನು ತೋರಿಸುವ ಪುಟ್ಟದೊಂದು ದರ್ಶಕಫಲಕವಿದೆ. ವಿಮಾನವನ್ನು ಹಾರಿಸಿದ ಮೇಲೆ ಫಲಕದಲ್ಲಿ ಸ್ಥಾನ, ವೇಗ, ಎತ್ತರ ಎಲ್ಲವೂ ದಶಾಂಶಸಹಿತವಾಗಿ ಮೂಡುತ್ತವೆ. ಇನ್ನೇನು ಬೇಕು? ನಂಜನಗೂಡಿನಲ್ಲೊಮ್ಮೆ, ನರಸೀಪುರದಲ್ಲೊಮ್ಮೆ ಎತ್ತರವನ್ನು ನೋಡಿ ಕಳೆದರಾಯಿತಲ್ಲವೆ?

ಹಾಗೆ ಮಾಡಿದವನಿಗೆ ಕಪಿಲೆಯು ಬೆಟ್ಟ ಹತ್ತುತ್ತಾಳೆಂಬ ಉತ್ತರ ಬಂದರೂ ಬರಬಹುದು! ಉಪಕರಣವು ಕೆಟ್ಟಿರುವುದಿಲ್ಲ, ಲೆಕ್ಕವೂ ತಪ್ಪಿರುವುದಿಲ್ಲ. ಆದರೂ ಉತ್ತರ ತಲೆಕೆಳಗು. ಇದು ಹೇಗೆ ಸಂಭವಿಸುತ್ತದೆ, ಅಂಗೈಯಲ್ಲಿ ಮೂಡಿದ ಯಾವ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪೆಟ್ಟಿಗೆಯೊಳಗೇನಿದೆ?

ಲಾಗರ್ ಎಂಬ ಪೆಟ್ಟಿಗೆಯಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳುಂಟು. ಮೊದಲನೆಯದು, ಉಪಗ್ರಹಗಳ ಸಂಕೇತವನ್ನು ಹಿಡಿಯುವ ಆಂಟೆನ ಮತ್ತು ಗ್ರಾಹಕ. ಎರಡನೆಯದು, ಗಾಳಿಯ ಒತ್ತಡವನ್ನು ಅಳೆಯುವ, ಅಕ್ಕಿಕಾಳಿಗಿಂತ ಕೊಂಚ ದೊಡ್ಡದಾದ ವಾಯುಭಾರಮಾಪಕ. ಇದು ಎಲ್ಲ ಪೆಟ್ಟಿಗೆಗಳಲ್ಲಿಯೂ ಇರುವುದಿಲ್ಲವಾದರೂ ಒಳ್ಳೆಯವುಗಳಲ್ಲಿ ಇರುತ್ತದೆ. ಮೂರನೆಯದು, ಬಂದ ಸಂಖ್ಯೆಗಳನ್ನು ಕ್ರಮಪಡಿಸುವ ಸಣ್ಣ ಗಣಕ. ನಾಲ್ಕನೆಯದು, ಅವುಗಳನ್ನು ಬರೆದಿಡುವ ಸ್ಮೃತಿಪತ್ರ, ಎಂದರೆ ಮೆಮೊರಿ ಕಾರ್ಡು. ಇದೆಲ್ಲದರ ತೂಕ ಕೆಲವೇ ಗ್ರಾಂ. ವಿಮಾನಕ್ಕೆ ಅದು ಹೊರೆಯೇ ಅಲ್ಲ.

ಅಂಗೈಯ ದರ್ಶಕಫಲಕಗಳಲ್ಲಿ ಎರಡು ಬಗೆ. ಒಂದು ಬಗೆಯದನ್ನು ತಂತಿಯ ಮೂಲಕ ಲಾಗರಿಗೆ ಜೋಡಿಸಬೇಕು. ಹಾರಾಟಕ್ಕೆ ಮುಂಚೆ, ಸೆಕೆಂಡಿಗೆ ಎಷ್ಟು ಬಾರಿ ಬರೆಯಬೇಕು, ಯಾವಾಗ ಬರೆಯಲು ತೊಡಗಬೇಕು ಎಂಬ ಅಪ್ಪಣೆಗಳನ್ನು ಅದರಿಂದ ಕೊಡಬಹುದು. ಹಾರಾಟದ ತರುವಾಯ ಪರಮಾವಧಿ ಎತ್ತರ, ಪರಮಾವಧಿ ವೇಗ, ಕ್ರಮಿಸಿದ ದೂರ ಇವುಗಳನ್ನು ಬಯಲಿನಲ್ಲಿಯೇ ಓದಿಕೊಳ್ಳಬಹುದು. ಮನೆಗೆ ಹೋಗಿ ಗಣಕಯಂತ್ರವನ್ನು ತೆರೆಯುವವರೆಗೆ ಕಾಯಬೇಕಾಗಿಲ್ಲ. ಜರ್ಮನಿಯ ಎಸ್.ಎಂ. ಮಾಡೆಲ್‌ಬೌ ಎಂಬ ಸಂಸ್ಥೆಯ ಯೂನಿಡಿಸ್‌ಪ್ಲೇ ಈ ಜಾತಿಯದು. ಇನ್ನೊಂದು ಬಗೆಯದರಲ್ಲಿ ವಿಮಾನವು ಹಾರುತ್ತಿರುವಾಗಲೇ ಅಂಕಿಗಳು ರೇಡಿಯೋ ಅಲೆಗಳ ಮೂಲಕ ನೆಲಕ್ಕೆ ಇಳಿದು ಬರುತ್ತವೆ. ಈ ಎರಡನೆಯ ಬಗೆಯ ಉಪಯೋಗವು ಎಷ್ಟೆಂಬುದು ವಿಮಾನವು ಕಬ್ಬಿನ ಗದ್ದೆಯಲ್ಲಿ ಬಿದ್ದ ದಿನ ತಿಳಿಯುತ್ತದೆ. ಆ ಸಂಗತಿಗೆ ಮುಂದೆ ಬರೋಣ.

ಸರಪಳಿಯಿಂದ ಉಪಗ್ರಹದವರೆಗೆ

ನೆಲದ ಮೇಲೆ ಒಂದು ಸ್ಥಳ ಎಲ್ಲಿದೆಯೆಂದು ನಿಷ್ಕರ್ಷೆಯಾಗಿ ಹೇಳುವ ಕೆಲಸಕ್ಕೂ ನಮ್ಮ ಮೈಸೂರು ಸೀಮೆಗೂ ಹಳೆಯ ನಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ಪರ್ಯಾಯದ್ವೀಪವನ್ನು ಕರಾವಳಿಯಿಂದ ಕರಾವಳಿಯವರೆಗೆ ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಇನ್ನೊಂದನ್ನು ಅಳೆದು, ಮಹಾ ತ್ರಿಕೋನಮಾಪನವನ್ನು ಆರಂಭಿಸಿದನು. ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಬೆಟ್ಟಗಳ ನೆತ್ತಿಗೆ, ಗುಡಿಗಳ ಗೋಪುರಕ್ಕೆ ಏರಿಸಿ ಕೋನಗಳನ್ನು ನೋಡುತ್ತ ಮಂಗಳೂರಿನ ಕಡಲಿನವರೆಗೂ ತ್ರಿಕೋನಗಳ ಜಾಲವನ್ನು ಹೆಣೆದನು. ಒಂದು ಭುಜವೂ ಎರಡು ಕೋನಗಳೂ ಗೊತ್ತಿದ್ದರೆ ತ್ರಿಕೋನವು ಗೊತ್ತಾದಂತೆಯೇ ಎಂದು ನೀವು ಶಾಲೆಯಲ್ಲಿ ಕಲಿತಿರುವುದೇ ಅವನ ಆಯುಧವಾಗಿತ್ತು.

ಜಿ.ಪಿ.ಎಸ್. ಇದನ್ನು ತಿರುವಿ ಹಾಕುತ್ತದೆ. ಅದು ಕೋನವನ್ನು ಅಳೆಯುವುದಿಲ್ಲ, ದೂರವನ್ನು ಅಳೆಯುತ್ತದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ದಿನಕ್ಕೆ ಹೆಚ್ಚು ಕಡಮೆ ಎರಡು ಸುತ್ತಿನಂತೆ ತಿರುಗುತ್ತಿರುವ ಉಪಗ್ರಹಗಳು, ‘ನಾನು ಇಂಥ ಸ್ಥಳದಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಎಂದು ಎಡೆಬಿಡದೆ ಸಾರುತ್ತಿರುತ್ತವೆ. ಆ ಸಂಕೇತವು ಬೆಳಕಿನ ವೇಗದಿಂದ ಇಳಿದು ಬರಲು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಕಾಲ ಬೇಕು. ಗ್ರಾಹಕವು ಈ ವಿಳಂಬವನ್ನು ಅಳೆದು ಬೆಳಕಿನ ವೇಗದಿಂದ ಗುಣಿಸುತ್ತದೆ, ದೂರ ದೊರೆಯುತ್ತದೆ. ಆದರೆ ಇಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ. ಆಟದ ವಿಮಾನದ ಪೆಟ್ಟಿಗೆಯಲ್ಲಿ ಅದನ್ನಿಡುವುದು ಸಾಧ್ಯವೆ? ಸಾಧ್ಯವಿಲ್ಲ. ಆದುದರಿಂದ ಗ್ರಾಹಕವು ತನ್ನ ಗಡಿಯಾರದ ತಪ್ಪನ್ನೂ ಒಂದು ಅಜ್ಞಾತವೆಂದು ಎಣಿಸುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಗಡಿಯಾರದ ತಪ್ಪು: ನಾಲ್ಕು ಅಜ್ಞಾತಗಳು. ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣಗಳು ಬೇಕು. ನಾಲ್ಕು ಸಮೀಕರಣಗಳಿಗೆ ನಾಲ್ಕು ಉಪಗ್ರಹಗಳು ಬೇಕು. ಬೀಜಗಣಿತವು ಆಕಾಶದಲ್ಲಿ ಬರೆಯಲ್ಪಟ್ಟಿರುವುದೆಂದರೆ ಇದೇ.

ಬಯಲಿನಲ್ಲಿ, ಆಕಾಶವು ತೆರೆದಿರುವಾಗ, ಇಂತಹ ಸಾಧಾರಣ ಗ್ರಾಹಕವು ಸ್ಥಾನವನ್ನು 3ರಿಂದ 5 ಮೀಟರುಗಳೊಳಗೆ ಹೇಳಬಲ್ಲದು. ಇದನ್ನು ನಮ್ಮ ಎರಡು ಊರುಗಳಿಗೆ ಅನ್ವಯಿಸಿ ನೋಡೋಣ. ನಂಜನಗೂಡು 12 ಡಿಗ್ರಿ 7 ಮಿನಿಟು ಉತ್ತರ, 76 ಡಿಗ್ರಿ 41 ಮಿನಿಟು ಪೂರ್ವದಲ್ಲಿದೆ. ನರಸೀಪುರವು 12 ಡಿಗ್ರಿ 13 ಮಿನಿಟು ಉತ್ತರ, 76 ಡಿಗ್ರಿ 54 ಮಿನಿಟು ಪೂರ್ವದಲ್ಲಿದೆ. ಅಕ್ಷಾಂಶದ ವ್ಯತ್ಯಾಸ 6 ಮಿನಿಟು, ರೇಖಾಂಶದ ವ್ಯತ್ಯಾಸ 13 ಮಿನಿಟು. ನಮ್ಮ ಭಾಗದಲ್ಲಿ ಅಕ್ಷಾಂಶದ ಒಂದು ಮಿನಿಟು ಸುಮಾರು 1.84 ಕಿಲೋಮೀಟರಿಗೂ, ರೇಖಾಂಶದ ಒಂದು ಮಿನಿಟು ಸುಮಾರು 1.81 ಕಿಲೋಮೀಟರಿಗೂ ಸಮ. ಆಗ ಉತ್ತರಕ್ಕೆ 11 ಕಿಲೋಮೀಟರ್, ಪೂರ್ವಕ್ಕೆ 23.5 ಕಿಲೋಮೀಟರ್. ಪೈಥಾಗೊರಸನ ಸೂತ್ರವನ್ನು ಹಾಕಿದರೆ ನೇರದೂರ ಸುಮಾರು 26 ಕಿಲೋಮೀಟರ್. ಇಷ್ಟು ದೂರದಲ್ಲಿ ಐದು ಮೀಟರಿನ ತಪ್ಪೆಂದರೆ ಐದು ಸಾವಿರದಲ್ಲಿ ಒಂದು ಪಾಲು. ಅಡ್ಡದ ಅಳತೆಯಲ್ಲಿ ಅಂಗೈಯ ಫಲಕವನ್ನು ನಾವು ಧೈರ್ಯವಾಗಿ ನಂಬಬಹುದು. ಈ ಮಾತನ್ನು ನೆನಪಿನಲ್ಲಿಡಿ.

ಹಾರಾಟಕ್ಕೆ ಮುನ್ನ

ಪೆಟ್ಟಿಗೆಗೆ ವಿದ್ಯುತ್ತು ಕೊಟ್ಟ ಕೂಡಲೆ ಸ್ಥಾನವು ದೊರೆಯುವುದಿಲ್ಲ. ಫಲಕದಲ್ಲಿ ಉಪಗ್ರಹಗಳ ಸಂಖ್ಯೆ ಸೊನ್ನೆಯಿಂದ ಮೆಲ್ಲಗೆ ಏರುತ್ತದೆ. ಆತುರಗಾರನು ಈ ವೇಳೆಯಲ್ಲಿಯೇ ವಿಮಾನವನ್ನು ಎಸೆದುಬಿಡುತ್ತಾನೆ. ಉಪಗ್ರಹವು ತನ್ನ ಪಥದ ವಿವರವನ್ನು ಸೆಕೆಂಡಿಗೆ 50 ಬಿಟ್ಟುಗಳ ಎತ್ತಿನಗಾಡಿಯ ವೇಗದಲ್ಲಿ ಕಳುಹಿಸುತ್ತದೆ. 1,500 ಬಿಟ್ಟುಗಳ ಒಂದು ಕಂತು ಪೂರ್ತಿಯಾಗಲು 30 ಸೆಕೆಂಡು ಬೇಕು. ಬಹಳ ದಿನ ಬಳಸದೆ ಇಟ್ಟಿದ್ದ ಪೆಟ್ಟಿಗೆಯಾದರೆ ಇನ್ನೂ ಹೆಚ್ಚು ಹೊತ್ತು ಹಿಡಿದೀತು. ಆದ ಕಾರಣ ವಿಮಾನವನ್ನು ಬಯಲಿನಲ್ಲಿ ನೆಲದ ಮೇಲಿಟ್ಟು, ಆಂಟೆನವು ಆಕಾಶವನ್ನು ನೋಡುವಂತೆ ಮಾಡಿ, ಏಳೆಂಟು ಉಪಗ್ರಹಗಳಾದರೂ ಸಿಕ್ಕುವವರೆಗೆ ತಾಳ್ಮೆಯಿಂದ ಕಾಯಬೇಕು. ಆಂಟೆನದ ಮೇಲೆ ಕಾರ್ಬನ್ ನಾರಿನ ರೆಕ್ಕೆಯಾಗಲಿ ಬ್ಯಾಟರಿಯಾಗಲಿ ಮುಚ್ಚಿಕೊಂಡಿರಕೂಡದು.

ಎರಡನೆಯ ನಿಯಮವು ಕಣ್ಣಿಗೆ ಸಂಬಂಧಿಸಿದುದು. ವಿಮಾನವನ್ನು ಹಾರಿಸುವವನು ವಿಮಾನವನ್ನು ನೋಡಬೇಕೇ ಹೊರತು ಫಲಕವನ್ನಲ್ಲ. ಸೆಕೆಂಡಿಗೆ 20 ಮೀಟರ್ ಓಡುವ ವಿಮಾನವು, ನೀವು ತಲೆ ತಗ್ಗಿಸಿ ಮೂರು ಸೆಕೆಂಡು ಅಂಕಿಯನ್ನು ಓದುವಷ್ಟರಲ್ಲಿ 60 ಮೀಟರ್ ಸಾಗಿರುತ್ತದೆ. ಬಿಸಿಲಿನಿಂದ ಫಲಕಕ್ಕೆ, ಫಲಕದಿಂದ ಆಕಾಶಕ್ಕೆ ದೃಷ್ಟಿ ಹೊರಳಿದಾಗ ಆ ಚುಕ್ಕೆಯು ಮತ್ತೆ ಸಿಕ್ಕದೆ ಹೋಗಬಹುದು. ಆದುದರಿಂದ ಫಲಕವು ಜೊತೆಗಾರನ ಕೈಯಲ್ಲಿರಲಿ. ಅವನು ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಲಿ.

ಮೂರನೆಯದು ಕಾನೂನು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಒಳಗೊಳ್ಳುತ್ತವೆ. ಹಸಿರು ವಲಯದಲ್ಲಿ ನೆಲದಿಂದ 400 ಅಡಿ, ಎಂದರೆ 120 ಮೀಟರ್, ಮೇಲ್ಮಿತಿ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರುಗಳ ನಡುವೆ ಅದು 200 ಅಡಿಗೆ ಇಳಿಯುತ್ತದೆ. ಇನ್ನೂ ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಮೈಸೂರಿನ ವಿಮಾನ ನಿಲ್ದಾಣವಿರುವುದು ನಂಜನಗೂಡಿನ ಹಾದಿಯ ಮಂಡಕಳ್ಳಿಯಲ್ಲಿ. ನಂಜನಗೂಡು ಪಟ್ಟಣವು ಸರಿಸುಮಾರು ಹನ್ನೆರಡು ಕಿಲೋಮೀಟರಿನ ಅಂಚಿನಲ್ಲಿಯೇ ಇದೆ. ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡದೆ ಅಲ್ಲಿ ವಿಮಾನವನ್ನು ಎತ್ತತಕ್ಕದ್ದಲ್ಲ. ಜಾತ್ರೆಯ ಜನಸಂದಣಿಯ ಮೇಲೆ ಹಾರಿಸಬಾರದೆಂಬುದನ್ನು ಹೇಳುವುದಕ್ಕೆ ಕಾನೂನು ಬೇಕಾಗಿಲ್ಲ, ವಿವೇಕ ಸಾಕು.

ವೇಗದ ಅಂಕಿ

ವಿಮಾನ ಮೇಲೇರಿತು. ಜೊತೆಗಾರನು ಓದುತ್ತಾನೆ: ಪಶ್ಚಿಮಕ್ಕೆ ಹೋಗುವಾಗ ವೇಗ ಗಂಟೆಗೆ 45 ಕಿಲೋಮೀಟರ್, ಮರಳಿ ಪೂರ್ವಕ್ಕೆ ಬರುವಾಗ 75. ಮೋಟಾರಿನ ಬಿರುಸನ್ನು ಯಾರೂ ಬದಲಾಯಿಸಿಲ್ಲ. ಹಾಗಾದರೆ ವಿಮಾನದ ನಿಜವಾದ ವೇಗ ಯಾವುದು?

ಎರಡೂ ನಿಜ, ಆದರೆ ಎರಡೂ ನೆಲಕ್ಕೆ ಸಂಬಂಧಿಸಿದ ವೇಗಗಳು. ಜಿ.ಪಿ.ಎಸ್. ಗಾಳಿಯನ್ನು ಅರಿಯದು. ಮಳೆಗಾಲದ ಪಡುವಣ ಗಾಳಿಯು ಗಂಟೆಗೆ 15 ಕಿಲೋಮೀಟರಿನಂತೆ ಬೀಸುತ್ತಿದ್ದರೆ, ಗಾಳಿಗೆ ಎದುರಾಗಿ 60ರಲ್ಲಿ 15 ಕಳೆಯುತ್ತದೆ. ಗಾಳಿಯೊಡನೆ 15 ಕೂಡುತ್ತದೆ. ಎರಡರ ಸರಾಸರಿಯಾದ 60 ಎಂಬುದೇ ಗಾಳಿಯಲ್ಲಿ ವಿಮಾನದ ವೇಗ. ವ್ಯತ್ಯಾಸದ ಅರ್ಧವಾದ 15 ಎಂಬುದೇ ಗಾಳಿಯ ವೇಗ. ಹೀಗೆ ಎರಡು ಅಂಕಿಗಳಿಂದ ವಿದ್ಯಾರ್ಥಿಯು ಗಾಳಿಯನ್ನೇ ಅಳೆದಂತಾಯಿತು. ವಿಮಾನವನ್ನು ಆಕಾಶದಲ್ಲಿ ಎತ್ತಿಹಿಡಿಯುವುದು ಗಾಳಿಯಲ್ಲಿನ ವೇಗವೇ ಹೊರತು ನೆಲದ ಮೇಲಿನ ವೇಗವಲ್ಲ. ಬೆನ್ನಗಾಳಿಯಲ್ಲಿ ಫಲಕವು 45 ತೋರಿಸಿತೆಂದು ನಿಶ್ಚಿಂತನಾಗಿರುವವನ ವಿಮಾನವು ವಾಸ್ತವವಾಗಿ 30ರಲ್ಲಿ ಹಾರುತ್ತಿದ್ದು, ರೆಕ್ಕೆಯ ಆಧಾರ ತಪ್ಪಿ ಕುಸಿದು ಬೀಳಬಹುದು. ಅಂಕಿ ಸರಿಯಾಗಿದ್ದರೂ ಅದರ ಅರ್ಥವನ್ನು ತಪ್ಪಾಗಿ ತಿಳಿದದ್ದರಿಂದ ಬರುವ ಆಪತ್ತಿಗೆ ಇದೊಂದು ನಿದರ್ಶನ.

ಎತ್ತರದ ಅಂಕಿ

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಎತ್ತರವನ್ನು ಪೆಟ್ಟಿಗೆಯು ಎರಡು ದಾರಿಗಳಿಂದ ತಿಳಿಯುತ್ತದೆ: ಉಪಗ್ರಹಗಳಿಂದ ಒಂದು, ಗಾಳಿಯ ಒತ್ತಡದಿಂದ ಇನ್ನೊಂದು. ಎರಡಕ್ಕೂ ಬೇರೆ ಬೇರೆ ದೌರ್ಬಲ್ಯಗಳುಂಟು.

ಉಪಗ್ರಹಗಳ ದಾರಿಯನ್ನು ಮೊದಲು ನೋಡೋಣ. ಅಡ್ಡದ ಸ್ಥಾನವನ್ನು ನಿಶ್ಚಯಿಸುವಾಗ ಉಪಗ್ರಹಗಳು ನಮ್ಮ ಪೂರ್ವಕ್ಕೂ ಇರುತ್ತವೆ, ಪಶ್ಚಿಮಕ್ಕೂ ಇರುತ್ತವೆ. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯದು ತಿದ್ದುತ್ತದೆ. ಎತ್ತರದ ವಿಷಯದಲ್ಲಿ ಹಾಗಲ್ಲ. ಎಲ್ಲ ಉಪಗ್ರಹಗಳೂ ತಲೆಯ ಮೇಲೆಯೇ ಇವೆ. ಕಾಲಿನ ಕೆಳಗಿರುವವುಗಳನ್ನು ಭೂಮಿಯೇ ಮರೆಮಾಡಿದೆ. ಆದುದರಿಂದ ಎತ್ತರದ ತಪ್ಪು ಅಡ್ಡದ ತಪ್ಪಿನ ಒಂದೂವರೆಯಿಂದ ಎರಡರಷ್ಟು ಇರುವುದು ಸಾಮಾನ್ಯ. ಐದು ಮೀಟರ್ ಹತ್ತಾಗಬಹುದು. ಹತ್ತು ಮೀಟರೆಂದರೆ ಕಪಿಲೆಯ ಒಟ್ಟು ಇಳಿತದ ಅರ್ಧ! ಎರಡು ಊರುಗಳಲ್ಲಿಯೂ ಹೀಗೆ ತಪ್ಪಿ, ಒಂದರಲ್ಲಿ ಕೆಳಕ್ಕೂ ಇನ್ನೊಂದರಲ್ಲಿ ಮೇಲಕ್ಕೂ ಹೋದರೆ, ಇಪ್ಪತ್ತು ಮೀಟರಿನ ಇಳಿಜಾರು ಲೆಕ್ಕದಲ್ಲಿ ಮಾಯವಾಗಿಬಿಡುತ್ತದೆ. ಇಪ್ಪತ್ತಾರು ಕಿಲೋಮೀಟರನ್ನು ಅಷ್ಟು ಚೆನ್ನಾಗಿ ಅಳೆದ ಉಪಕರಣವು ಇಪ್ಪತ್ತು ಮೀಟರಿನ ಮುಂದೆ ಸೋಲುತ್ತದೆ.

ಇನ್ನೊಂದು ತೊಡಕೂ ಇದೆ. ಉಪಗ್ರಹಗಳ ಲೆಕ್ಕವು ಭೂಮಿಯನ್ನು ನುಣುಪಾದ, ಧ್ರುವಗಳಲ್ಲಿ ಚಪ್ಪಟೆಯಾದ ಒಂದು ಗಣಿತದ ಗೋಳವೆಂದು ಭಾವಿಸುತ್ತದೆ. ಸಮುದ್ರವಾದರೋ ಗಣಿತವನ್ನು ಕೇಳುವುದಿಲ್ಲ, ಗುರುತ್ವವನ್ನು ಕೇಳುತ್ತದೆ. ಭೂಮಿಯೊಳಗಿನ ದ್ರವ್ಯವು ಎಲ್ಲೆಡೆಯೂ ಒಂದೇ ಸಮನಾಗಿಲ್ಲದಿರುವುದರಿಂದ ಗುರುತ್ವವೂ ಏರುಪೇರು. ಲೋಕದಲ್ಲೆಲ್ಲ ಅತ್ಯಂತ ಆಳವಾದ ಗುರುತ್ವದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರಮಟ್ಟವು ಗಣಿತದ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಆ ತಗ್ಗಿನ ಅಂಚು ನಮ್ಮವರೆಗೂ ಚಾಚಿಕೊಂಡಿದ್ದು, ಮೈಸೂರು ಭಾಗದಲ್ಲಿ ವ್ಯತ್ಯಾಸವು ಸುಮಾರು 90 ಮೀಟರ್. ಆದ ಕಾರಣ ತಿದ್ದುಪಡಿಯಿಲ್ಲದ ಗ್ರಾಹಕವು ನಂಜನಗೂಡನ್ನು 657ರ ಬದಲು 570 ಮೀಟರಿನ ಆಸುಪಾಸಿನಲ್ಲಿ ಇಟ್ಟುಬಿಡುತ್ತದೆ. ಬಹುತೇಕ ಪೆಟ್ಟಿಗೆಗಳು ಈ ತಿದ್ದುಪಡಿಯನ್ನು ತಾವೇ ಮಾಡಿಕೊಳ್ಳುತ್ತವೆ; ಆದರೆ ನಿಮ್ಮದು ಮಾಡುತ್ತದೆಯೆ ಎಂದು ವಿಚಾರಿಸಿಕೊಳ್ಳಬೇಕಾದವರು ನೀವು.

ಇನ್ನು ವಾಯುಭಾರದ ದಾರಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ನಮ್ಮ ಎತ್ತರದಲ್ಲಿ ಸುಮಾರು 9 ಮೀಟರಿಗೆ ಒಂದು ಮಿಲಿಬಾರ್. ಇಂದಿನ ಪುಟ್ಟ ಮಾಪಕಗಳು ಒಂದು ಮೀಟರಿಗೂ ಕಡಮೆಯಾದ ಏರಿಳಿತವನ್ನು ಗ್ರಹಿಸಬಲ್ಲವು. ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟರೆ ಫಲಕವು ಅದನ್ನು ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಆದರೆ ಅದೇ ಪೆಟ್ಟಿಗೆಯನ್ನು ಬೆಳಿಗ್ಗೆ ಹತ್ತು ಗಂಟೆಗೆ ಮೇಜಿನ ಮೇಲಿಟ್ಟು, ಯಾರೂ ಮುಟ್ಟದೆ, ಸಾಯಂಕಾಲ ನಾಲ್ಕು ಗಂಟೆಗೆ ನೋಡಿ. ಮೇಜು ಮೂವತ್ತು ಮೀಟರಿನಷ್ಟು ಮೇಲಕ್ಕೇರಿರುತ್ತದೆ! ಸಮುದ್ರಕ್ಕೆ ಉಬ್ಬರವಿಳಿತಗಳಿರುವಂತೆ ವಾಯುಮಂಡಲಕ್ಕೂ ಉಂಟು. ಸೂರ್ಯನ ಬಿಸಿಯಿಂದ ಹುಟ್ಟುವ ಈ ಅಲೆಯು ಉಷ್ಣವಲಯದಲ್ಲಿ ಬಲವಾಗಿದ್ದು, ದಿನಕ್ಕೆ ಎರಡಾವರ್ತಿ ಬರುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಮೆ. ಹಗಲಿನ ಈ ಇಳಿತವು ನಮ್ಮಲ್ಲಿ ಸುಮಾರು 3ರಿಂದ 4 ಮಿಲಿಬಾರ್. 9 ಮೀಟರಿನಂತೆ ಗುಣಿಸಿದರೆ 27ರಿಂದ 36 ಮೀಟರ್.

ನಮ್ಮ ವಿದ್ಯಾರ್ಥಿಯ ಸ್ಥಿತಿಯನ್ನು ಈಗ ಯೋಚಿಸಿ. ಅವನು ಹತ್ತು ಗಂಟೆಗೆ ನಂಜನಗೂಡಿನಲ್ಲಿ ಎತ್ತರವನ್ನು ಬರೆದುಕೊಂಡು, ಅಲ್ಲಿ ಊಟ ಮುಗಿಸಿ, ಬಸ್ಸು ಹಿಡಿದು, ನಾಲ್ಕು ಗಂಟೆಗೆ ನರಸೀಪುರದ ಸಂಗಮದಲ್ಲಿ ಮತ್ತೆ ಬರೆದುಕೊಂಡನು. ಇಪ್ಪತ್ತು ಮೀಟರ್ ಇಳಿದದ್ದರಿಂದ ಒತ್ತಡವು ಸುಮಾರು ಎರಡು ಮಿಲಿಬಾರ್ ಏರಬೇಕಾಗಿತ್ತು. ಅಷ್ಟರಲ್ಲಿ ಹಗಲಿನ ಅಲೆಯು ಮೂರು ನಾಲ್ಕು ಮಿಲಿಬಾರ್ ಇಳಿಸಿತು. ನಿವ್ವಳ ಫಲವೇನು? ಒಂದೆರಡು ಮಿಲಿಬಾರ್ ಇಳಿತ. ಎಂದರೆ ಒಂಬತ್ತರಿಂದ ಹದಿನೆಂಟು ಮೀಟರ್ ಏರಿಕೆ! ಕಪಿಲೆಯು ಬೆಟ್ಟ ಹತ್ತಿದ ರಹಸ್ಯ ಇದೇ.

ವಿಮಾನದಲ್ಲಿಯೂ ಇಂತಹದೇ ಇನ್ನೊಂದು ಮೋಸವಿದೆ. ಪೆಟ್ಟಿಗೆಯ ಗಾಳಿಯ ರಂಧ್ರವು ಎದುರುಗಾಳಿಗೆ ನೇರವಾಗಿ ತೆರೆದಿದ್ದರೆ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಗಾಳಿಯು ನುಗ್ಗಿ ಒತ್ತಡವನ್ನು ಎರಡು ಮಿಲಿಬಾರಿಗೂ ಸ್ವಲ್ಪ ಹೆಚ್ಚಾಗಿ ಏರಿಸಬಲ್ಲದು. ಆಗ ವಿಮಾನವು ಮಟ್ಟಸವಾಗಿ ಹಾರುತ್ತಿದ್ದರೂ ಇಪ್ಪತ್ತು ಮೀಟರ್ ತಗ್ಗಿದಂತೆ ದಾಖಲೆಯಾಗುತ್ತದೆ. 120 ಮೀಟರಿನ ಮಿತಿಯೊಳಗೇ ಇದ್ದೇನೆಂದು ನಂಬಿದವನು ಅದನ್ನು ಮೀರಿರಬಹುದು. ಪೆಟ್ಟಿಗೆಯನ್ನು ವಿಮಾನದ ಒಡಲಿನಲ್ಲಿ, ಗಾಳಿಯ ಹೊಡೆತವಿಲ್ಲದ ಮೂಲೆಯಲ್ಲಿ ಇಡಬೇಕೆಂಬ ಸೂಚನೆಯ ಹಿಂದಿರುವ ಕಾರಣ ಇದು.

ಜೊತೆಗಾರನ ಉಪಾಯ

ಹಾಗಾದರೆ ಎತ್ತರವನ್ನು ಅಳೆಯುವ ಆಸೆಯನ್ನೇ ಬಿಡಬೇಕೆ? ಬೇಕಾಗಿಲ್ಲ. ಎರಡು ಉಪಾಯಗಳಿವೆ. ಮೊದಲನೆಯದು, ಕಾಲವನ್ನು ಕಿರಿದುಗೊಳಿಸುವುದು. ಹಾರಾಟಕ್ಕೆ ತುಸು ಮುಂಚೆ ನೆಲದ ಮೇಲೆ ಎತ್ತರವನ್ನು ಸೊನ್ನೆಗೆ ತಂದು, ಹತ್ತು ನಿಮಿಷದಲ್ಲಿ ಹಾರಾಟವನ್ನು ಮುಗಿಸಿದರೆ, ಅಷ್ಟರಲ್ಲಿ ವಾಯುಮಂಡಲದ ಅಲೆಯು ಒಂದೆರಡು ಮೀಟರಿಗಿಂತ ಹೆಚ್ಚು ಸರಿದಿರುವುದಿಲ್ಲ. ಇಳಿದ ಮೇಲೆ ಫಲಕವನ್ನು ಮತ್ತೆ ನೋಡಿ. ಸೊನ್ನೆಯ ಬದಲು ಎಷ್ಟು ಉಳಿದಿದೆಯೋ ಅಷ್ಟು ಸರಿದಿದೆಯೆಂದು ತಿಳಿಯಿರಿ.

ಎರಡನೆಯದು, ಜೊತೆಗಾರನನ್ನು ಇಟ್ಟುಕೊಳ್ಳುವುದು. ಒಂದೇ ಬಗೆಯ ಎರಡು ಪೆಟ್ಟಿಗೆಗಳನ್ನು ತೆಗೆದುಕೊಂಡು, ಒಂದನ್ನು ನಂಜನಗೂಡಿನಲ್ಲಿಯೇ ಬಿಟ್ಟು, ಇನ್ನೊಂದನ್ನು ನರಸೀಪುರಕ್ಕೆ ಒಯ್ದು, ಎರಡನ್ನೂ ಒಂದೇ ನಿಮಿಷದಲ್ಲಿ ಓದಿದರೆ, ಅಲೆಯು ಎರಡರಲ್ಲಿಯೂ ಹೆಚ್ಚು ಕಡಮೆ ಸಮನಾಗಿರುವುದರಿಂದ ಕಳೆಯುವಾಗ ತಾನೇ ಅಳಿದು ಹೋಗುತ್ತದೆ. ಉಳಿಯುವುದು ನೆಲದ ಇಳಿತ. ತಪ್ಪನ್ನು ತಡೆಯಲಾಗದಿದ್ದರೂ ಅದು ಇಬ್ಬರಿಗೂ ಸಮನಾಗಿರುವಂತೆ ಮಾಡಿ ಕಳೆದುಬಿಡುವುದು ಅಳತೆಯ ಶಾಸ್ತ್ರದ ಬಹು ದೊಡ್ಡ ಯುಕ್ತಿ. ನಮ್ಮ ದೇಶದ ಗಗನ್ ವ್ಯವಸ್ಥೆಯಲ್ಲಿ ನಡೆಯುವುದೂ ಇದೇ. ನಿಖರವಾಗಿ ಸ್ಥಾನ ಗೊತ್ತಿರುವ ನೆಲದ ಕೇಂದ್ರಗಳು ಜಿ.ಪಿ.ಎಸ್. ಎಷ್ಟು ತಪ್ಪು ಹೇಳುತ್ತಿದೆಯೆಂದು ನೋಡಿ, ಆ ತಿದ್ದುಪಡಿಯನ್ನು ಉಪಗ್ರಹಗಳ ಮೂಲಕ ವಿಮಾನಗಳಿಗೆ ಕಳುಹಿಸುತ್ತವೆ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಕರ್ನಾಟಕವೂ ಮೊದಲ ತಂಡದ ರಾಜ್ಯಗಳಲ್ಲೊಂದು. ಅದರಲ್ಲಿ ಹಳ್ಳಿಯ ಮನೆಗಳ ಎಲ್ಲೆಯನ್ನು ಡ್ರೋನಿನಿಂದ ಗುರುತಿಸುವಾಗಲೂ ಸದಾಕಾಲ ಕೆಲಸ ಮಾಡುವ ಇಂತಹ ನೆಲದ ಕೇಂದ್ರಗಳ ಸಹಾಯದಿಂದಲೇ ಮೀಟರಿನ ತಪ್ಪನ್ನು ಸೆಂಟಿಮೀಟರಿಗೆ ಇಳಿಸುತ್ತಾರೆ.

ಕಬ್ಬಿನ ಗದ್ದೆಯಲ್ಲಿ ಬಿದ್ದಾಗ

ನಂಜನಗೂಡು, ನರಸೀಪುರಗಳ ಸುತ್ತ ನಾಲೆಯ ನೀರಿರುವಲ್ಲಿ ಬತ್ತವೂ ಕಬ್ಬೂ ಹೇರಳ. ಆಳೆತ್ತರಕ್ಕೂ ಮಿಗಿಲಾದ ಕಬ್ಬಿನೊಳಗೆ ಬಿದ್ದ ವಿಮಾನವು ಎರಡು ಮಾರು ದೂರದಲ್ಲಿದ್ದರೂ ಕಾಣದು. ದಾಖಲೆಯು ವಿಮಾನದಲ್ಲಿಯೇ ಉಳಿದಿದ್ದರೆ, ವಿಮಾನವನ್ನು ಹುಡುಕಲು ದಾಖಲೆ ಬೇಕು, ದಾಖಲೆಯನ್ನು ಓದಲು ವಿಮಾನ ಬೇಕು ಎಂಬ ಫಜೀತಿ. ಈ ಹೊತ್ತಿಗೆ ರೇಡಿಯೋ ಸಂಪರ್ಕವುಳ್ಳ ಫಲಕವು ನೆರವಿಗೆ ಬರುತ್ತದೆ. ವಿಮಾನವು ಮರೆಯಾಗುವ ಮುನ್ನ ಕಳುಹಿಸಿದ ಕೊನೆಯ ಅಕ್ಷಾಂಶ ರೇಖಾಂಶಗಳು ಅದರಲ್ಲಿ ಉಳಿದಿರುತ್ತವೆ. ಅವುಗಳನ್ನು ನಿಮ್ಮ ಫೋನಿನ ನಕ್ಷೆಗೆ ಕೊಟ್ಟು ನಡೆದರೆ, ಎರಡು ಉಪಕರಣಗಳ ತಪ್ಪನ್ನೂ ಸೇರಿಸಿ, ಏಳು ಮೀಟರ್ ತ್ರಿಜ್ಯದ ವೃತ್ತದಲ್ಲಿ ಹುಡುಕಿದರೆ ಬಹುಮಟ್ಟಿಗೆ ಸಾಕು. ಅದರ ವಿಸ್ತೀರ್ಣ ಸುಮಾರು 150 ಚದರ ಮೀಟರ್. ಒಂದು ಎಕರೆಯೋ 4,000 ಚದರ ಮೀಟರಿಗೂ ಹೆಚ್ಚು. ಇಪ್ಪತ್ತಾರು ಪಾಲು ತುಳಿಯುವ ಕಡೆ ಒಂದು ಪಾಲು ತುಳಿದರಾಯಿತು. ರೈತನ ಅಪ್ಪಣೆ ಪಡೆದೇ ಗದ್ದೆಗೆ ಇಳಿಯಬೇಕು. ನಿಮ್ಮ ವಿಮಾನಕ್ಕಿಂತ ಅವನ ಬೆಳೆ ದೊಡ್ಡದು.

ದಿನಚರಿಯನ್ನು ಓದುವ ಕ್ರಮ

ಸ್ಮೃತಿಪತ್ರವನ್ನು ಮನೆಯ ಗಣಕಯಂತ್ರಕ್ಕೆ ಹಾಕಿದಾಗ ಸಾಲುಸಾಲು ಅಂಕಿಗಳು ಎದುರಾಗುತ್ತವೆ. ಗ್ರಾಹಕವು ನೀಡಿದ ಮೂಲ ಸಾಲುಗಳನ್ನೇ ಓದುವುದಾದರೆ ಅವುಗಳಲ್ಲಿ ಮೂರು ಹಳ್ಳಗಳಿವೆ. ಮೊದಲನೆಯದು ಕಾಲ: ಅಲ್ಲಿ ಬರೆದಿರುವುದು ವಿಶ್ವಕಾಲ, ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಬೆಳಿಗ್ಗೆ ಏಳರ ಹಾರಾಟವು ದಾಖಲೆಯಲ್ಲಿ ಒಂದೂವರೆ ಗಂಟೆಯದಾಗಿರುತ್ತದೆ. ಎರಡನೆಯದು ವೇಗ: ಅದು ಗಂಟೆಗೆ ಕಿಲೋಮೀಟರುಗಳಲ್ಲಿ ಅಲ್ಲ, ನಾವಿಕರ ನಾಟ್ ಎಂಬ ಮಾನದಲ್ಲಿರುತ್ತದೆ, 1.852ರಿಂದ ಗುಣಿಸಬೇಕು. ಮೂರನೆಯದು ಸ್ಥಾನ: 1207.200 ಎಂದಿದ್ದರೆ ಅದು 12 ಡಿಗ್ರಿ, 7.2 ಮಿನಿಟು. ಅದನ್ನು 12.072 ಡಿಗ್ರಿ ಎಂದು ಓದಿದವನು ಐದು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಹೋಗಿ ವಿಮಾನವನ್ನು ಹುಡುಕುತ್ತಾನೆ. 7.2ನ್ನು 60ರಿಂದ ಭಾಗಿಸಿದರೆ 0.12, ಸರಿಯಾದ ಉತ್ತರ 12.12 ಡಿಗ್ರಿ.

ಇನ್ನೊಂದು ಕಿವಿಮಾತು. ಸೆಕೆಂಡಿಗೆ ಒಂದೇ ಬಾರಿ ಬರೆಯುವ ಪೆಟ್ಟಿಗೆಯಲ್ಲಿ ವಿಮಾನವು ಎರಡು ದಾಖಲೆಗಳ ನಡುವೆ 20 ಮೀಟರ್ ಜಿಗಿಯುತ್ತದೆ. ಗುಂಡಾದ ತಿರುವು ಚೌಕವಾಗಿ ಕಾಣುತ್ತದೆ. ಸೆಕೆಂಡಿಗೆ ಹತ್ತು ಬಾರಿ ಬರೆದರೆ ಜಿಗಿತವು ಎರಡೇ ಮೀಟರ್. ಆದರೆ ಹೆಚ್ಚು ಬಾರಿ ಬರೆದ ಮಾತ್ರಕ್ಕೆ ಹೆಚ್ಚು ಸರಿಯಾಗಿ ಬರೆದಂತಾಗಲಿಲ್ಲ. ಮೂರು ಮೀಟರ್ ತಪ್ಪುವವನು ಹತ್ತು ಸಲ ಹೇಳಿದರೂ ಮೂರು ಮೀಟರ್ ತಪ್ಪಿಯೇ ಹೇಳುತ್ತಾನೆ.

ಹದಿನಾರು ಕಾಲಿನ ಮಂಟಪ

ಇಷ್ಟೆಲ್ಲ ಸೂಕ್ಷ್ಮವನ್ನು ಒಂದು ಆಟಿಕೆಗಾಗಿ ವಿಚಾರಿಸಬೇಕೆ ಎಂದು ಕೆಲವರು ಕೇಳಬಹುದು. ಆಟಿಕೆಗಾಗಿ ಮಾತ್ರವೇ ಅಲ್ಲ. 2018 ಮತ್ತು 2019ರ ಮಳೆಗಾಲಗಳಲ್ಲಿ ಕಬಿನಿ ಜಲಾಶಯವು ತುಂಬಿ ಹೊರಬಿಟ್ಟ ನೀರು ಕಪಿಲೆಯಲ್ಲಿ ಉಕ್ಕಿ, ನಂಜನಗೂಡಿನ ತೀರದ ಬೀದಿಗಳಿಗೆ ನುಗ್ಗಿತು. ಮೈಸೂರಿನ ರಸ್ತೆಯ ಮೇಲೂ ಹರಿಯಿತು. ಅಂತಹ ದಿನ ಒಂದು ಮನೆ ಉಳಿಯುವುದೋ ಮುಳುಗುವುದೋ ಎಂಬುದು ಒಂದು ಮೀಟರಿನ, ಕೆಲವೊಮ್ಮೆ ಒಂದು ಅಡಿಯ ಪ್ರಶ್ನೆ. ಅಂಗೈಯ ಫಲಕವು ದಶಾಂಶಸಹಿತ ಎತ್ತರವನ್ನು ತೋರಿಸುತ್ತದೆಯೆಂದು ನಂಬಿ, ‘ನಮ್ಮ ಮನೆ ನದಿಗಿಂತ ಎಂಟು ಮೀಟರ್ ಮೇಲಿದೆ, ಭಯವಿಲ್ಲ’ ಎಂದು ಯಾರಾದರೂ ಹೇಳಿದರೆ, ಆ ಎಂಟರಲ್ಲಿ ಎಂಟೂ ತಪ್ಪಾಗಿರಬಹುದು. ದಶಾಂಶವು ಉಪಕರಣದ ಅಭ್ಯಾಸ. ಅದು ಸತ್ಯದ ಮುದ್ರೆಯಲ್ಲ.

ನಂಜನಗೂಡಿನ ಜನರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ನಂಬಿಕೆಯ ಉಪಕರಣವೊಂದಿದೆ. ಕಪಿಲೆಯ ತೀರದಲ್ಲಿ ನಿಂತಿರುವ ಹದಿನಾರು ಕಾಲಿನ ಮಂಟಪವೇ ಅದು. ನೀರು ಮಂಟಪದ ಕಂಬಗಳನ್ನು ಎಷ್ಟು ಮುಳುಗಿಸಿದೆಯೆಂದು ನೋಡಿ ಪ್ರವಾಹದ ಬಲವನ್ನು ಊರು ಅಂದಾಜು ಮಾಡುತ್ತದೆ. ಆ ಮಂಟಪಕ್ಕೆ ಸಮುದ್ರಮಟ್ಟ ತಿಳಿಯದು, ಅಕ್ಷಾಂಶ ತಿಳಿಯದು. ಆದರೆ ಅದು ಕದಲುವುದಿಲ್ಲ. ನಿನ್ನೆಯ ನೀರನ್ನೂ ಇಂದಿನ ನೀರನ್ನೂ ಒಂದೇ ಕಂಬದ ಮೇಲೆ ಹೋಲಿಸಬಹುದು. ಹಾರಾಟಕ್ಕೆ ಮುಂಚೆ ಸೊನ್ನೆಯನ್ನು ಹಾಕಿಕೊಳ್ಳುವ ವಿದ್ಯಾರ್ಥಿಯು ಮಾಡುವುದೂ, ಗಗನ್ ಕೇಂದ್ರಗಳು ಮಾಡುವುದೂ ಇದನ್ನೇ: ಕದಲದ ಒಂದು ಗುರುತನ್ನು ಹಿಡಿದು, ಉಳಿದುದನ್ನು ಅದರೊಡನೆ ಹೋಲಿಸುವುದು.

ಆದುದರಿಂದ ಅಂಗೈಯ ಫಲಕದಲ್ಲಿ ಅಂಕಿಯೊಂದು ಮೂಡಿದಾಗ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಇದು ಯಾವುದರಿಂದ ಅಳೆದದ್ದು? ಇದು ಎಷ್ಟು ತಪ್ಪಿರಬಹುದು? ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಫಲಕವು ಎಂದಿಗೂ ತೋರಿಸುವುದಿಲ್ಲ. ಅದನ್ನು ನೋಟುಪುಸ್ತಕದಲ್ಲಿ ಅಂಕಿಯ ಮಗ್ಗುಲಲ್ಲಿ ನೀವೇ ಬರೆದುಕೊಳ್ಳಬೇಕು. ಬರೆದುಕೊಂಡವನ ಲೆಕ್ಕದಲ್ಲಿ ಕಪಿಲೆಯು ನಂಜನಗೂಡಿನಿಂದ ನರಸೀಪುರಕ್ಕೆ ಇಳಿದೇ ಹರಿಯುತ್ತಾಳೆ.